ಬಾದಾಮಿಯಿಂದ ಹಳೇಬೀಡಿಗೆ: ದೇಗುಲಗಳ ವಂಶಾವಳಿಯನ್ನು ತಳಿಶಾಸ್ತ್ರದ ಕಣ್ಣಲ್ಲಿ ಓದುವ ಕ್ರಮ

ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿಯೂ ಗಳಗನಾಥ ಗುಡಿಯೂ ಕೂಗಳತೆಯಲ್ಲೇ ಇವೆ. ಅದೇ ಮಲಪ್ರಭೆಯ ದಂಡೆ, ಅದೇ ಮರಳುಗಲ್ಲು, ಅದೇ ಚಾಲುಕ್ಯರ ಕಾಲ. ಆದರೂ ಅವು ಅಣ್ಣತಮ್ಮಂದಿರಲ್ಲ. ವಿರೂಪಾಕ್ಷಕ್ಕೆ ರಕ್ತಸಂಬಂಧಿ ಬೇಕೆಂದರೆ ಸುಮಾರು ಮುನ್ನೂರು ಕಿಲೋಮೀಟರ್ ತೆಂಕಣಕ್ಕೆ, ನಾಲ್ಕು ಶತಮಾನ ಈಚೆಗೆ, ಬೇರೆ ಕಲ್ಲಿನಲ್ಲಿ ನಕ್ಷತ್ರದ ತಳವಿನ್ಯಾಸದ ಮೇಲೆ ನಿಂತಿರುವ ಹಳೇಬೀಡಿಗೆ ಹೋಗಬೇಕು.

ಇದು ಕಣ್ಣಿಗೆ ಒಪ್ಪುವ ಮಾತಲ್ಲ. ಕಣ್ಣು ಬಣ್ಣ, ಗಾತ್ರ, ಕೆತ್ತನೆಯ ದಟ್ಟಣೆ ನೋಡಿ ನೆಂಟಸ್ತಿಕೆ ಕಟ್ಟಿಬಿಡುತ್ತದೆ. ಜೀವಿಗಳ ವಿಷಯದಲ್ಲಿ ಇದೇ ತಪ್ಪು ತಿಮಿಂಗಿಲವನ್ನು ಮೀನಿನ ಸಾಲಿಗೆ ಸೇರಿಸಿತ್ತು. ಹೋಲಿಕೆಗಳಲ್ಲಿ ಯಾವುದು ಸಾಕ್ಷಿ, ಯಾವುದು ಅಲ್ಲ ಎಂದು ಸೋಸುವ ವಿದ್ಯೆಯನ್ನು ತಳಿಶಾಸ್ತ್ರವೂ ವಿಕಾಸವಾದವೂ ನೂರೈವತ್ತು ವರ್ಷಗಳಲ್ಲಿ ಪಳಗಿಸಿಕೊಂಡಿವೆ. ಆ ವಿದ್ಯೆಯನ್ನು ಕಟ್ಟಡಕ್ಕೆ ಹೇಗೆ ತರುವುದು ಎಂಬುದನ್ನು 7ರಿಂದ 13ನೇ ಶತಮಾನದವರೆಗಿನ ಕರ್ನಾಟಕದ ದ್ರಾವಿಡ ಗುಡಿಗಳನ್ನು (ಅಂತಸ್ತು ಅಂತಸ್ತಾಗಿ ಮೇಲೇರುವ ಶಿಖರದವು; ಗಳಗನಾಥದಂಥ, ಬಾಗಿದ ಬೆನ್ನಿನ ಶಿಖರದವು ನಾಗರ) ಇಟ್ಟುಕೊಂಡು ಹಂತಹಂತವಾಗಿ ನೋಡೋಣ. ಬೇಕಾದ ಸಾಮಗ್ರಿ ಕಡಿಮೆ: ಒಂದು ನೋಟ್‌ಬುಕ್, ಪೆನ್ಸಿಲು, ಮೊಬೈಲ್ ಕ್ಯಾಮೆರಾ, ಮತ್ತು ಆದರೆ ಒಂದು ದುರ್ಬೀನು. ಶಿಖರದ ಮೇಲ್ತುದಿಯ ವಿವರ ಬರಿಗಣ್ಣಿಗೆ ದಕ್ಕುವುದಿಲ್ಲ.

ಮೊದಲ ಪ್ರಶ್ನೆ: ಕಟ್ಟಡದಲ್ಲಿ ಜೀನ್ ಎಲ್ಲಿದೆ?

ಗುಡಿ ಮರಿ ಹಾಕುವುದಿಲ್ಲ. ಒಂದು ಗುಡಿಯಿಂದ ಇನ್ನೊಂದಕ್ಕೆ ದಾಟುವುದು ಕಲ್ಲಲ್ಲ, ಕಟ್ಟುವ ನಿಯಮ. ದಾರ ಹಿಡಿದು ನೆಲದ ಮೇಲೆ ಗೆರೆ ಎಳೆಯುವ ರೀತಿ, ಮೂಲೆಯಲ್ಲಿ ಯಾವ ಆಕಾರ, ನಡುವೆ ಯಾವುದು, ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಎಷ್ಟು ಒಳಸರಿಯಬೇಕು ಎಂಬ ಲೆಕ್ಕ ಗುರುವಿನಿಂದ ಶಿಷ್ಯನಿಗೆ, ಅಪ್ಪನಿಂದ ಮಗನಿಗೆ ಹೋದವು. ಶಾಸನಗಳಲ್ಲಿ ಬರುವ ಸೂತ್ರಧಾರಿ, ರೂವಾರಿ, ಓಜ, ಆಚಾರಿಗಳೇ ಈ ನಿಯಮಗಳನ್ನು ಹೊತ್ತವರು. ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸೆನ್ 1909ರಲ್ಲಿ ಜೀನ್ ಎಂಬ ಹೆಸರಿಟ್ಟಾಗ ಅದು ಏನಿಂದ ಆಗಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ದಾಟಿಬರುವ ಏನೋ ಒಂದು, ಹೊರಗೆ ಕಾಣುವುದು ಅದರ ಫಲ, ಅಷ್ಟೇ. ನಮ್ಮ ಕೆಲಸಕ್ಕೂ ಅಷ್ಟು ಸಾಕು.

ಎರಡು ವ್ಯತ್ಯಾಸಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ. ಒಂದು, ಶಿಲ್ಪಿ ತನ್ನ ಗುರುವಿನಿಂದಷ್ಟೇ ಅಲ್ಲ, ದಾರಿಯಲ್ಲಿ ಕಂಡ ಯಾವ ಗುಡಿಯಿಂದಲೂ ಕಲಿಯಬಲ್ಲ. ಎರಡು, ಅವನು ಬದುಕಿನಲ್ಲಿ ಗಳಿಸಿದ ಹೊಸತು ನೇರವಾಗಿ ಮುಂದಿನವರಿಗೆ ದಾಟುತ್ತದೆ, ಪ್ರಾಣಿಗಳಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ಇಲ್ಲಿ ತಳಿಶಾಸ್ತ್ರ ಪ್ರಶ್ನೆ ಕೇಳಿಸಬಲ್ಲದು, ತೀರ್ಪು ಕೊಡಲಾರದು.

ಇನ್ನೊಂದು ಎಚ್ಚರಿಕೆ. ಕಟ್ಟಡದ ವಂಶ ಕಟ್ಟಿದವರ ವಂಶವಲ್ಲ. 19ನೇ ಶತಮಾನದಲ್ಲಿ ಭಾರತದ ವಾಸ್ತುಶಿಲ್ಪವನ್ನು ವರ್ಗೀಕರಿಸಿದ ಜೇಮ್ಸ್ ಫರ್ಗುಸನ್ ಕಟ್ಟಡದ ಶೈಲಿಯಲ್ಲಿ ಜನಾಂಗದ ಗುಣ ಕಾಣುತ್ತದೆಂದು ನಂಬಿದ್ದ. ಆ ದಾರಿ ಹಿಡಿದರೆ ಕಲ್ಲನ್ನು ಓದುವುದು ಬಿಟ್ಟು ಜಾತಿ, ಜನಾಂಗಗಳ ಜಗಳ ಓದುತ್ತೇವೆ.

ಹಂತ 1: ಗುಂಪು ಆರಿಸಿ

ಒಂದೇ ಗುಡಿಯಿಂದ ವಂಶ ತಿಳಿಯದು. ಕಾಲ ಗೊತ್ತಿರುವ, ಒಂದು ಸಾಲಿಗೆ ಸೇರಿರಬಹುದಾದ ಕೆಲವು ಗುಡಿ ಬೇಕು. ನಾನು ಸೂಚಿಸುವ ಪಟ್ಟಿ: ಬಾದಾಮಿಯ ಮಾಲೆಗಿತ್ತಿ ಶಿವಾಲಯ (7ನೇ ಶತಮಾನ), ಪಟ್ಟದಕಲ್ಲಿನ ಸಂಗಮೇಶ್ವರ ಮತ್ತು ವಿರೂಪಾಕ್ಷ (8ನೇ ಶತಮಾನ), ಕುಕನೂರಿನ ನವಲಿಂಗ (9ನೇ ಶತಮಾನ), ಅತ್ತಿಮಬ್ಬೆ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮ ಜಿನಾಲಯ (1007), ಇಟಗಿಯ ಮಹಾದೇವ (1112), ಡಂಬಳದ ದೊಡ್ಡಬಸಪ್ಪ (12ನೇ ಶತಮಾನ), ಬೇಲೂರಿನ ಚೆನ್ನಕೇಶವ (1117), ಹಳೇಬೀಡಿನ ಹೊಯ್ಸಳೇಶ್ವರ (ಸುಮಾರು 1121), ಸೋಮನಾಥಪುರದ ಕೇಶವ (13ನೇ ಶತಮಾನದ ನಡುಭಾಗ).

ಇವುಗಳ ಜೊತೆಗೆ ಈ ಗುಂಪಿನದ್ದಲ್ಲದ, ಆದರೆ ದೂರದ ನೆಂಟನಾದ ಒಂದು ಗುಡಿ ಬೇಕೇ ಬೇಕು. ಜೀವಶಾಸ್ತ್ರದವರು ಇದನ್ನು ಹೊರಗುಂಪು ಎನ್ನುತ್ತಾರೆ. ನಾನಾದರೆ ತಂಜಾವೂರಿನ ಬೃಹದೀಶ್ವರವನ್ನು ಇಟ್ಟುಕೊಳ್ಳುತ್ತೇನೆ. ಅದು ಮುಗಿದದ್ದು 1010ರಲ್ಲಿ, ಬ್ರಹ್ಮ ಜಿನಾಲಯಕ್ಕಿಂತ ಮೂರೇ ವರ್ಷ ಈಚೆಗೆ. ಒಂದೇ ಬೇರು, ಒಂದೇ ಕಾಲ, ಎರಡು ಕೊಂಬೆ. ಇದರ ಪ್ರಯೋಜನ ನಾಲ್ಕನೇ ಹಂತದಲ್ಲಿ ತಿಳಿಯುತ್ತದೆ.

ಹಂತ 2: ಗೋಡೆಯನ್ನು ಅಡ್ಡಕ್ಕೆ ಓದಬೇಡಿ, ಉದ್ದಕ್ಕೆ ಓದಿ

ಗುಡಿಯ ಹೊರಗೋಡೆ ನೋಡುವಾಗ ನಾವು ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆ, ಅದರ ಮೇಲಿನ ಮೂರ್ತಿಸಾಲು, ಅದರ ಮೇಲೆ ಕಪೋತ (ಮುಂದೆ ಚಾಚಿದ ಸೂರಿನ ಅಂಚು) ಎಂದು ಅಡ್ಡಡ್ಡ ಓದುತ್ತೇವೆ. ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ ಎಂದು ಮಾರ್ಗದರ್ಶಿಗಳು ವಿವರಿಸುವುದೂ ಹಾಗೆಯೇ. ವಂಶ ಹುಡುಕುವವರು ಇದನ್ನು ಬಿಡಬೇಕು.

ಮಾಲೆಗಿತ್ತಿ ಶಿವಾಲಯದ ಮುಂದೆ ನಿಂತು ಗೋಡೆಯ ಒಂದು ಮೂಲೆಯನ್ನು ಬುಡದಿಂದ ಮೇಲಕ್ಕೆ ನೋಡಿ. ಅಧಿಷ್ಠಾನ, ಅಂದರೆ ಬುಡದ ಪೀಠ, ಅಲ್ಲಿ ಸ್ವಲ್ಪ ಮುಂದೆ ಚಾಚಿದೆ. ಅದರ ಮೇಲೆ ಎರಡು ಅರೆಗಂಬ. ಅವುಗಳ ಮೇಲೆ ಕಪೋತ. ಅದರ ಮೇಲೆ, ಚಾವಣಿಯ ಅಂಚಿನಲ್ಲಿ, ಗುಮ್ಮಟದ ತಲೆಯ ಒಂದು ಪುಟ್ಟ ಮಂಟಪ. ಇಷ್ಟನ್ನೂ ಒಟ್ಟಿಗೆ ನೋಡಿದರೆ ಅದೇ ಒಂದು ಪೂರ್ತಿ ಗುಡಿ: ಬುಡ, ಗೋಡೆ, ಮಾಡು, ತಲೆ. ದೊಡ್ಡ ಗುಡಿಯೆಂದರೆ ಇಂಥ ಸಣ್ಣ ಗುಡಿಗಳನ್ನು ಪಕ್ಕಪಕ್ಕ, ಮೇಲೆಮೇಲೆ ಅಂಟಿಸಿದ ಒಟ್ಟಿಲು. ಕರ್ನಾಟಕದ ದ್ರಾವಿಡ ಪರಂಪರೆಯನ್ನು ಈ ದೃಷ್ಟಿಯಿಂದ ಕೂಲಂಕಷವಾಗಿ ಅಭ್ಯಾಸ ಮಾಡಿದವರು ಆಡಂ ಹಾರ್ಡಿ. ಒಮ್ಮೆ ಹೀಗೆ ನೋಡಲು ಕಲಿತರೆ ಮತ್ತೆ ಹಳೆಯ ರೀತಿಯಲ್ಲಿ ನೋಡಲು ಆಗುವುದಿಲ್ಲ.

ಈ ಸಣ್ಣ ಗುಡಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಚೌಕ ತಳದ, ಗುಮ್ಮಟದ ತಲೆಯದು ಕೂಟ. ಉದ್ದನೆಯ, ಬಂಡಿಯ ಕಮಾನಿನಂಥ ಮಾಡಿನದು ಶಾಲೆ. ಅದೇ ಕಮಾನು ಮಾಡನ್ನು ತುದಿಯಿಂದ ನೋಡಿದಂತೆ ಇರುವುದು ಪಂಜರ. ಚಾವಣಿಯ ಅಂಚಿನಲ್ಲಿ ಇವು ಸಾಲಾಗಿ ನಿಂತರೆ ಅದು ಹಾರ, ಒಂದು ಅಂತಸ್ತು ತಲ. ಮಾಲೆಗಿತ್ತಿಯಲ್ಲಿ ಸರಳ ಕ್ರಮ: ಮೂಲೆಗಳಲ್ಲಿ ಕೂಟ, ನಡುವೆ ಶಾಲೆ. ನೋಟ್‌ಬುಕ್ಕಿನಲ್ಲಿ ಅದನ್ನು ಕೂ–ಶಾ–ಕೂ ಎಂದು ಬರೆಯಿರಿ. ಮುಂದಿನ ಗುಡಿಗಳಲ್ಲಿ ಸಾಲು ಉದ್ದವಾಗುತ್ತದೆ, ನಡುನಡುವೆ ಪಂಜರಗಳು ಸೇರುತ್ತವೆ. ಪ್ರತಿ ಗುಡಿಯ ಪ್ರತಿ ತಲಕ್ಕೂ ಇಂಥ ಒಂದು ಅಕ್ಷರಸಾಲು ಬರೆದುಕೊಳ್ಳಿ. ಬೇಸರದ ಕೆಲಸ ನಿಜ, ಆದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಹಂತ 3: ನಿಯಮ ಬೇರೆ, ಮುಖ ಬೇರೆ

ತಳಿಶಾಸ್ತ್ರದಲ್ಲಿ ಜೀನೋಟೈಪ್ ಎಂದರೆ ಒಳಗಿನ ಬರಹ, ಫೀನೋಟೈಪ್ ಎಂದರೆ ಹೊರಗೆ ಕಾಣುವ ದೇಹ. ಒಂದೇ ಬರಹ ಬೇರೆ ಪರಿಸರದಲ್ಲಿ ಬೇರೆ ದೇಹವಾಗಬಹುದು. ಬರಹದಲ್ಲಿ ಒಂದು ಅಕ್ಷರ ಬದಲಾದರೆ ದೇಹ ಗುರುತೇ ಸಿಗದಷ್ಟು ಬದಲಾಗಲೂಬಹುದು.

ನಕ್ಷತ್ರಾಕಾರದ ಗುಡಿ ಇದಕ್ಕೆ ಒಳ್ಳೆಯ ಉದಾಹರಣೆ. ಇಟಗಿಯ ಮಹಾದೇವನ ಗೋಡೆ ಲಂಬಕೋನಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಚಾಚುತ್ತದೆ. ಅಲ್ಲಿಂದ ಬಹಳ ದೂರವಿಲ್ಲದ ಡಂಬಳದ ದೊಡ್ಡಬಸಪ್ಪ ಗುಡಿ 24 ಮೊನೆಗಳ ನಕ್ಷತ್ರ. ನೋಡಿದರೆ ಬೇರೆ ಜಾತಿಯ ಕಟ್ಟಡ ಎನಿಸುತ್ತದೆ. ಒಂದು ಕಾಗದದ ಮೇಲೆ ಚೌಕ ಬರೆದು, ನಡುವೆ ಗುಂಡುಪಿನ್ನು ಚುಚ್ಚಿ, 15 ಡಿಗ್ರಿಯಂತೆ ತಿರುಗಿಸುತ್ತ ಆರು ಚೌಕ ಬರೆಯಿರಿ: 24 ಮೊನೆ ಸಿಕ್ಕವು. 22.5 ಡಿಗ್ರಿಯಂತೆ ನಾಲ್ಕು ಚೌಕ ಬರೆದರೆ ಸೋಮನಾಥಪುರದ ಮೂರೂ ಗರ್ಭಗೃಹಗಳ ಹೊರಮೈಯಲ್ಲಿ ಕಾಣುವ 16 ಮೊನೆ. ಇಟಗಿಯಲ್ಲಿ ಚೌಕ ತಿರುಗದೆ ಮುಂದಕ್ಕೆ ಜರುಗಿದೆ, ಡಂಬಳದಲ್ಲಿ ಜರುಗದೆ ತಿರುಗಿದೆ. ಆದರೆ ಪ್ರತಿ ಮೊನೆಯನ್ನೂ ಬುಡದಿಂದ ತುದಿಗೆ ಓದಿ: ಅದೇ ಅಧಿಷ್ಠಾನ, ಅದೇ ಅರೆಗಂಬ, ಅದೇ ಕಪೋತ, ಮೇಲೆ ಅದೇ ಕೂಟಗಳ ಸರಣಿ. ಮೊನೆಗಳೆಲ್ಲ ಸಮಾನವಾದ್ದರಿಂದ ನಡುವಿನ ಅಗಲ ಶಾಲೆಗೆ ಮಾತ್ರ ಜಾಗ ಉಳಿದಿಲ್ಲ.

ಅಂದರೆ ಬದಲಾದದ್ದು ಅಂಗಗಳಲ್ಲ, ಅವನ್ನು ಎಲ್ಲಿ ಕೂರಿಸಬೇಕೆಂದು ಹೇಳುವ ಆಜ್ಞೆ. ಹಣ್ಣುನೊಣದ ತಲೆಯಲ್ಲಿ ಮೀಸೆಯ ಜಾಗಕ್ಕೆ ಕಾಲು ಹುಟ್ಟಿಸುವ ಉತ್ಪರಿವರ್ತನೆಯನ್ನು ಜೀವಶಾಸ್ತ್ರಜ್ಞರು ಬಲ್ಲರು. ಅಲ್ಲಿ ಕಾಲು ಹೊಸದಲ್ಲ, ಅದರ ಜಾಗ ಹೊಸದು. ಗುಡಿಯ ಮುಂದೆ ನಿಂತಾಗಲೂ ಕೇಳಬೇಕಾದ್ದು ಅದೇ: ಹೊಸ ಅಂಗ ಬಂದಿದೆಯೇ, ಹಳೆಯ ಅಂಗ ಹೊಸ ಜಾಗಕ್ಕೆ ಬಂದಿದೆಯೇ? ನನ್ನ ಎಣಿಕೆಯಲ್ಲಿ ಈ ಪರಂಪರೆಯ ಹೆಚ್ಚಿನ ಹೊಸತುಗಳು ಎರಡನೆಯ ಬಗೆಯವು.

ಪರಿಸರದ ಪ್ರಭಾವವನ್ನೂ ಬೇರೆ ಅಂಕಣದಲ್ಲಿ ಬರೆಯಿರಿ. ಮಲಪ್ರಭೆಯ ಬದಿಯ ಗುಡಿಗಳು ಮರಳುಗಲ್ಲಿನವು. 11ನೇ ಶತಮಾನದಲ್ಲಿ ಬಳಪದ ಕಲ್ಲಿನ ಬಳಕೆ ಹಬ್ಬಿತು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಅದು. ತಿರುಗಣೆಯ ಕಂಬಗಳ ಬಳೆಬಳೆಯಾದ ಹೊಳಪು ಮೈ, ಹೊಯ್ಸಳ ಮೂರ್ತಿಗಳ ಒಡವೆಯ ಎಳೆಎಳೆ, ಇವೆಲ್ಲ ಆ ಕಲ್ಲು ಕೊಟ್ಟ ಅವಕಾಶ. ಬೇಲೂರಿನ ಕೆತ್ತನೆ ಪಟ್ಟದಕಲ್ಲಿಗಿಂತ ದಟ್ಟವಾಗಿದೆ ಎಂಬುದೊಂದೇ ವಂಶದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಂತ 4: ಹೋಲಿಕೆಗಳನ್ನು ಸೋಸಿ

ಇಡೀ ಕ್ರಮದ ತಿರುಳು ಇಲ್ಲಿದೆ, ಅವಸರ ಬೇಡ.

ಹೋಲಿಕೆ ಮೂರು ಕಾರಣಕ್ಕೆ ಬರಬಹುದು. ಒಂದೇ ಅಗತ್ಯ ಇಬ್ಬರನ್ನೂ ಒಂದೇ ಉತ್ತರಕ್ಕೆ ತಂದಿರಬಹುದು. ಬಾವಲಿಗೂ ಚಿಟ್ಟೆಗೂ ರೆಕ್ಕೆ ಇರುವಂತೆ. ಇಬ್ಬರೂ ಬಹಳ ಹಳೆಯ ಮೂಲವೊಂದರಿಂದ ಪಡೆದಿರಬಹುದು. ಅಥವಾ ಇಬ್ಬರಿಗೂ ಹತ್ತಿರದ ಪೂರ್ವಜನೊಬ್ಬ ಹೊಸದಾಗಿ ಕಂಡುಕೊಂಡದ್ದನ್ನು ಇಬ್ಬರೂ ಉಳಿಸಿಕೊಂಡಿರಬಹುದು. ಹತ್ತಿರದ ನೆಂಟಸ್ತಿಕೆಗೆ ಸಾಕ್ಷಿ ಮೂರನೆಯದು ಮಾತ್ರ. ಜರ್ಮನಿಯ ವಿಲ್ಲಿ ಹೆನಿಗ್ 1950ರಲ್ಲಿ ಈ ನಿಯಮವನ್ನು ಖಚಿತವಾಗಿ ಮಂಡಿಸಿದ. ಹಸ್ತಪ್ರತಿಗಳ ಸಂಪಾದನೆ ಮಾಡುವವರಿಗೆ ಇದು ಹೊಸದೇನಲ್ಲ. ಎರಡು ಓಲೆಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಇದ್ದರೆ ಏನೂ ತಿಳಿಯದು, ಒಂದೇ ತಪ್ಪು ಇದ್ದರೆ ಅವು ಒಂದೇ ಮಾತೃಕೆಯಿಂದ ಇಳಿದವು ಎಂದು ಅನುಮಾನಿಸಬಹುದು.

ಮೊದಲ ಬಗೆಗೆ ಉದಾಹರಣೆ: ಸುಮಾರು 1030ರ ಖಜುರಾಹೊದ ಕಂದರೀಯ ಮಹಾದೇವವೂ ಹಳೇಬೀಡೂ ಎತ್ತರದ ಜಗತಿಯ (ಕಟ್ಟೆಯ) ಮೇಲೆ ನಿಂತಿವೆ, ಎರಡರ ಗೋಡೆಯೂ ಅನೇಕ ಮಡಿಕೆಗಳಾಗಿ ಒಡೆದಿದೆ. ಸೋಮನಾಥಪುರದ ಶಿಖರವನ್ನು ಕಂದರೀಯದ ಪಕ್ಕಕ್ಕಿಟ್ಟರೆ ಎರಡೂ ತನ್ನದೇ ಮರಿಗಳಿಂದ ಆದಂತಿವೆ. ಆದರೆ ಮರಿಗಳನ್ನು ನೋಡಿ. ಖಜುರಾಹೊದಲ್ಲಿ ಅವು ಬಾಗಿದ ಬೆನ್ನಿನ ನಾಗರ ಶಿಖರಗಳು, ಸೋಮನಾಥಪುರದಲ್ಲಿ ಕೂಟದ ಸಂತತಿ. ತತ್ವ ಒಂದೇ, ಬೀಜ ಬೇರೆ. ಇದನ್ನು ಪಟ್ಟಿಯಿಂದ ಹೊಡೆದುಹಾಕಿ.

ಎರಡನೆಯ ಬಗೆ: ಚಾವಣಿಯಂಚಿನಲ್ಲಿ ಕೂಟ–ಶಾಲೆಗಳ ಹಾರ. ಇದು ಬಾದಾಮಿಯಲ್ಲಿದೆ, ಮಾಮಲ್ಲಪುರದ ಧರ್ಮರಾಜ ರಥದಲ್ಲಿದೆ, ಕಂಚಿಯಲ್ಲಿದೆ, ತಂಜಾವೂರಿನಲ್ಲೂ ಇದೆ. ಆದ್ದರಿಂದ ಇವೆಲ್ಲ ದ್ರಾವಿಡ ಎಂದಷ್ಟೇ ಹೇಳಬಹುದು. ಕರ್ನಾಟಕದ ಕೊಂಬೆಯನ್ನು ಬೇರೆಯಾಗಿ ಗುರುತಿಸಲು ಇದು ನೆರವಾಗದು. ಹೊರಗುಂಪು ಬೇಕೆಂದದ್ದು ಇದಕ್ಕೆ. ತಂಜಾವೂರಿನಲ್ಲೂ ಕಾಣುವ ಲಕ್ಷಣಕ್ಕೆ ಈ ಹಂತದಲ್ಲಿ ಬೆಲೆಯಿಲ್ಲ.

ಹಾಗಾದರೆ ಬೆಲೆಯುಳ್ಳದ್ದು ಯಾವುದು? ತಂಜಾವೂರಿನ 13 ತಲಗಳು ಒಂದೊಂದೂ ಅಡ್ಡಸಾಲಾಗಿ ಸ್ಪಷ್ಟವಾಗಿ ಎಣಿಸುವಂತಿವೆ. ಲಕ್ಕುಂಡಿಯಿಂದ ಇಟಗಿಗೆ, ಇಟಗಿಯಿಂದ ಹೊಯ್ಸಳರಿಗೆ ಬರುತ್ತ ತಲಗಳ ಎತ್ತರ ಕುಗ್ಗುತ್ತದೆ, ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ, ಅಡ್ಡಗೆರೆ ಮಸುಕಾಗಿ ಬುಡದಿಂದ ತುದಿಗೆ ಹರಿಯುವ ಉದ್ದಗೆರೆ ಮೇಲುಗೈ ಪಡೆಯುತ್ತದೆ. ನಡುವಿನ ಶಾಲೆ ಒಂದೇ ಸಮತಲದಲ್ಲಿ ನಿಲ್ಲದೆ ಎರಡು ಮೂರು ಪದರವಾಗಿ ಮುಂದಕ್ಕೆ ಒಡೆಯುತ್ತದೆ. ಈ ಎರಡೂ ಹೊಸತು, ಎರಡೂ ಹಂಚಿಕೊಂಡವು. ಹಳೇಬೀಡನ್ನು ಲಕ್ಕುಂಡಿಗೆ, ಲಕ್ಕುಂಡಿಯನ್ನು ಕುಕನೂರಿಗೆ, ಕುಕನೂರನ್ನು ಪಟ್ಟದಕಲ್ಲಿಗೆ ಕಟ್ಟುವ ಸರಪಳಿ ಇಂಥ ಕೊಂಡಿಗಳಿಂದ ಆದದ್ದು.

ಇಲ್ಲೇ ಪಠ್ಯಪುಸ್ತಕದ ಒಂದು ಮಾತನ್ನು ಪರೀಕ್ಷಿಸಬಹುದು. ವೇಸರವೆಂದರೆ ನಾಗರ–ದ್ರಾವಿಡಗಳ ಮಿಶ್ರತಳಿ ಎಂದು ನಾವೆಲ್ಲ ಓದಿದ್ದೇವೆ. ಮಿಶ್ರತಳಿಯಾಗಿದ್ದರೆ ಒಂದು ಹಂತದಲ್ಲಿ ಎರಡೂ ಕಡೆಯ ಅಂಗಗಳು ಒಮ್ಮೆಗೇ ಕೂಡಬೇಕಿತ್ತು. ನೋಟ್‌ಬುಕ್ಕಿನ ಅಕ್ಷರಸಾಲುಗಳನ್ನು ಕಾಲಕ್ರಮದಲ್ಲಿಟ್ಟು ನೋಡಿ, ಅಂಥ ಜಿಗಿತ ಕಾಣುವುದಿಲ್ಲ. ಏಳನೇ ಹಂತದಲ್ಲಿ ಬರುವ ಒಂದನ್ನು ಬಿಟ್ಟರೆ ಪ್ರತಿ ಅಂಗಕ್ಕೂ ಹಿಂದಿನ ಗುಡಿಯಲ್ಲಿ ದ್ರಾವಿಡ ಮೂಲ ಸಿಗುತ್ತದೆ. ಉದ್ದಗೆರೆಯ ಒಲವಿಗೆ ಪಕ್ಕದ ನಾಗರ ಗುಡಿಗಳ ಸಹವಾಸ ಕಾರಣವಿರಬಹುದು, ಆದರೆ ಮೈ ಒಳಗಿನಿಂದಲೇ ಬೆಳೆದದ್ದು. ಮಿಶ್ರಣ ಎಂಬ ಮಾತನ್ನು ನಾನು ಇಲ್ಲಿ ಬಳಸುವುದಿಲ್ಲ.

ಪಟ್ಟಿ ಮಾಡುವಾಗ ‘ಇಲ್ಲ’ ಮತ್ತು ‘ಉಳಿದಿಲ್ಲ’ ಎಂಬ ಎರಡು ಗುರುತು ಬೇರೆಯಾಗಿರಲಿ. ಬೇಲೂರಿನ ಮುಖ್ಯ ಗುಡಿಗೆ ಇಂದು ಶಿಖರವಿಲ್ಲ, ಆದರೆ ಅದು ಶಿಖರವಿಲ್ಲದ ಬಗೆಯ ಗುಡಿ ಎಂದು ಬರೆದರೆ ಲೆಕ್ಕವೆಲ್ಲ ತಲೆಕೆಳಗು. ಅದೇ ಆವರಣದ ಎತ್ತರದ ಗೋಪುರ ವಿಜಯನಗರ ಕಾಲದ್ದು. ಅದರ ಲಕ್ಷಣಗಳನ್ನು ಹೊಯ್ಸಳರ ಖಾತೆಗೆ ಹಾಕಬೇಡಿ.

ಹಂತ 5: ಉಪಯೋಗ ಕಳೆದುಕೊಂಡ ಅಂಗಗಳು

ವಂಶದ ಗುಟ್ಟು ಹೇಳುವುದರಲ್ಲಿ ನಿರುಪಯೋಗಿ ಅಂಗಗಳೇ ಮುಂದು. ಕೆಲಸಕ್ಕೆ ಬರುವುದು ಎಲ್ಲಿ ಬೇಕಾದರೂ ಹೊಸದಾಗಿ ಹುಟ್ಟಬಹುದು, ಕೆಲಸಕ್ಕೆ ಬಾರದ್ದು ಉಳಿದಿದ್ದರೆ ಅದು ಎಲ್ಲಿಂದಲೋ ಬಂದದ್ದೇ ಇರಬೇಕು.

ಕಪೋತದ ಮೇಲೆ ಸಾಲಾಗಿ ಕಾಣುವ ಲಾಳಾಕಾರದ ಪುಟ್ಟ ಕಮಾನು, ನಾಸಿ, ಇದಕ್ಕೆ ಸಾಕ್ಷಿ. ಕಲ್ಲಿನ ಗುಡಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಬಿಹಾರದ ಬರಾಬರ್ ಬೆಟ್ಟದ ಲೋಮಸ ಋಷಿ ಗುಹೆಯ ಬಾಗಿಲಿಗೆ ಹೋದರೆ ಅದರ ಮುತ್ತಜ್ಜ ಸಿಗುತ್ತಾನೆ. ಮೌರ್ಯರ ಕಾಲದಲ್ಲಿ ಬಂಡೆಯಲ್ಲಿ ಕಡೆದ ಆ ಬಾಗಿಲು ಬಾಗಿದ ಮರದ ಮಾಡನ್ನು, ತೊಲೆಯ ತುದಿಗಳ ಸಮೇತ, ಕಲ್ಲಿನಲ್ಲಿ ಬರೆದಂತಿದೆ. ಅದು ಚೈತ್ಯಗಳ ದೊಡ್ಡ ಕಿಟಕಿಯಾಗಿ, ಬಾದಾಮಿಯಲ್ಲಿ ನಾಸಿಯಾಗಿ, ಹೊಯ್ಸಳರಲ್ಲಿ ಬರಿಯ ಅಲಂಕಾರದ ಗಂಟಾಗಿ ಕುಗ್ಗುತ್ತ ಬಂತು. ಮರದ ರೂಪ ಕಲ್ಲಿಗೆ ದಾಟುವ ಈ ಬಗೆಯನ್ನು 19ನೇ ಶತಮಾನದ ಜರ್ಮನ್ ವಾಸ್ತುಶಿಲ್ಪಿ ಗಾಟ್‌ಫ್ರೀಡ್ ಸೆಂಪರ್ ಚರ್ಚಿಸಿದ್ದ. ಪ್ಯಾರಿಸ್ಸಿನಲ್ಲಿ ಪ್ರಾಣಿಶಾಸ್ತ್ರಜ್ಞ ಕುವಿಯೆ ಜೋಡಿಸಿಟ್ಟಿದ್ದ ಪ್ರಾಣಿಗಳ ಅಸ್ಥಿಪಂಜರಗಳನ್ನು ನೋಡಿ, ಕಟ್ಟಡಗಳನ್ನೂ ಹೀಗೆ ಹೋಲಿಸಬಹುದು ಎಂದು ಹೊಳೆದವನು ಅವನು.

ಆದರೆ ಎಲ್ಲ ಪಳೆಯುಳಿಕೆಯೂ ನಿರುಪಯೋಗಿಯಲ್ಲ. ಐಹೊಳೆಯ ಲಾಡಖಾನ್ ಗುಡಿಯ ಮಾಡಿನ ಮೇಲೆ ಹಾಸುಗಲ್ಲುಗಳ ಸಂದಿಗೆ ಮರದ ದಿಮ್ಮಿಯಂಥ ಕಲ್ಲಿನ ಪಟ್ಟಿಗಳನ್ನು ಇಟ್ಟಿದ್ದಾರೆ. ರೂಪ ಮರದ ಮನೆಯದು, ಕೆಲಸ ಮಳೆನೀರು ಸಂದಿಗೆ ಇಳಿಯದಂತೆ ತಡೆಯುವುದು. ಇಂಥವನ್ನು ‘ಹಳೆಯ ರೂಪ, ಹೊಸ ಕೆಲಸ’ ಎಂದು ಬೇರೆ ಗುರುತಿಸಿ.

ಮೂರನೆಯದೊಂದು ವರ್ಗವಿದೆ: ಯಾರೂ ಬಯಸದೆ ಹುಟ್ಟಿದ ಜಾಗಗಳು. 1979ರಲ್ಲಿ ಸ್ಟೀಫನ್ ಜೇ ಗೂಲ್ಡ್ ಮತ್ತು ರಿಚರ್ಡ್ ಲೆವಂಟಿನ್ ಜೀವಿಗಳ ಪ್ರತಿ ಅಂಗಕ್ಕೂ ಉದ್ದೇಶ ಹುಡುಕುವವರನ್ನು ಗೇಲಿ ಮಾಡಲು ವೆನಿಸ್ಸಿನ ಸಾನ್ ಮಾರ್ಕೋ ಇಗರ್ಜಿಯನ್ನು ಎಳೆದುತಂದರು. ಕಮಾನುಗಳ ಮೇಲೆ ಗುಮ್ಮಟ ಕೂರಿಸಿದರೆ ನಡುವೆ ತ್ರಿಕೋನಗಳು ತಾವಾಗಿ ಉಳಿಯುತ್ತವೆ, ಚಿತ್ರಕಾರ ಅವನ್ನು ಸೊಗಸಾಗಿ ತುಂಬಿದ ಮಾತ್ರಕ್ಕೆ ಅವು ಚಿತ್ರಕ್ಕಾಗಿ ಹುಟ್ಟಿದವಲ್ಲ ಎಂಬುದು ವಾದ. ಅವರು ವೆನಿಸ್ಸಿಗೆ ಹೋಗಬೇಕಾಗಿಯೇ ಇರಲಿಲ್ಲ. ನವರಂಗದಲ್ಲಿ (ಗುಡಿಯ ಒಳಮಂಟಪದಲ್ಲಿ) ನಿಂತು ಭುವನೇಶ್ವರಿಯ, ಅಂದರೆ ನಡುವಿನ ಚಾವಣಿಯ, ಕಡೆ ಕತ್ತೆತ್ತಿ. ನಾಲ್ಕು ತೊಲೆಗಳ ಚೌಕವನ್ನು ಮೂಲೆಗಲ್ಲು ಇಟ್ಟು ಚಿಕ್ಕದು ಮಾಡುತ್ತ ಹೋದರೆ ಮೂಲೆಗಳಲ್ಲಿ ತ್ರಿಕೋನಗಳು ಬೀಳಲೇಬೇಕು. ಅಲ್ಲಿ ಎಷ್ಟೇ ಚೆಂದದ ಕೆತ್ತನೆಯಿರಲಿ, ಆ ತ್ರಿಕೋನವನ್ನು ವಂಶದ ಗುರುತಾಗಿ ಎಣಿಸಬೇಡಿ. ಹಾಗೆ ಚಾವಣಿ ಹಾಕುವವರಿಗೆಲ್ಲ ಅದು ಸಿಕ್ಕೇ ಸಿಗುತ್ತದೆ.

ಹಂತ 6: ನಕಲಾಗಿ ಸ್ವತಂತ್ರವಾದವು

1970ರಲ್ಲಿ ತಳಿವಿಜ್ಞಾನಿ ಸುಸುಮು ಓನೊ ಜೀನ್‌ಗಳು ಇಮ್ಮಡಿಯಾಗುವುದರ ಮಹತ್ವವನ್ನು ವಿವರಿಸಿದ: ಒಂದು ಪ್ರತಿ ಹಳೆಯ ಕೆಲಸ ಮಾಡಿಕೊಂಡಿದ್ದರೆ ಇನ್ನೊಂದಕ್ಕೆ ಬೇಕಾದಂತೆ ಬದಲಾಗುವ ಸ್ವಾತಂತ್ರ್ಯ. ಲಕ್ಕುಂಡಿ, ಇಟಗಿಗಳ ಗೋಡೆಯಲ್ಲಿ ಅರೆಗಂಬದ ಮೇಲೆ, ಗೂಡುಗಳ ಮೇಲೆ ಕೆತ್ತಿದ ಪುಟಾಣಿ ಶಿಖರಗಳನ್ನು ಈ ಮಾತು ನೆನಪಿಟ್ಟುಕೊಂಡು ನೋಡಿ. ಅವು ಭಾರ ಹೊರಬೇಕಿಲ್ಲ, ದೇವರನ್ನು ಕೂರಿಸಬೇಕಿಲ್ಲ. ಆದ್ದರಿಂದ ಶಿಲ್ಪಿಗಳು ಅಲ್ಲಿ ಸ್ವೇಚ್ಛೆಯಾಗಿ ಆಡಿದ್ದಾರೆ. ಚಾಲುಕ್ಯರ ಈ ಪುಟಾಣಿಗಳಲ್ಲಿ ದ್ರಾವಿಡದ ಜೊತೆಗೆ ನಾಗರವೂ ಉಂಟು, ಮಾಳವದ ಕಡೆಯ ಭೂಮಿಜ ಶಿಖರವೂ (ಪುಟ್ಟ ಶಿಖರಗಳು ಬುಡದಿಂದ ತುದಿಗೆ ಸಾಲಾಗಿ ಏರುವ ಬಗೆ) ಉಂಟು. ಇವುಗಳ ಫೋಟೊಗಳನ್ನು ಬೇರೆ ಕಡತದಲ್ಲಿಡಿ, ಮುಂದಿನ ಹಂತಕ್ಕೆ ಬೇಕು.

ಹಂತ 7: ಅಡ್ಡದಾರಿಯಲ್ಲಿ ಬಂದದ್ದು

ಬ್ಯಾಕ್ಟೀರಿಯಾಗಳು ತಾಯಿಯಿಂದಷ್ಟೇ ಅಲ್ಲ, ಪಕ್ಕದವರಿಂದಲೂ ಜೀನ್ ಪಡೆಯುತ್ತವೆ. ಕಟ್ಟಡಗಳಲ್ಲಿ ಇದು ಇನ್ನೂ ಸಲೀಸು, ಆದ್ದರಿಂದ ಬರಿಯ ಮರ ಬರೆದರೆ ಸಾಲದು, ಕೊಂಬೆಯಿಂದ ಕೊಂಬೆಗೆ ಅಡ್ಡಗೆರೆಗಳೂ ಬೇಕು.

ವಿರೂಪಾಕ್ಷದ ಕಥೆ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ, ಕೈಲಾಸನಾಥ ಗುಡಿಗೆ ಕೈಹಚ್ಚದೆ ಅಲ್ಲಿ ಕನ್ನಡ ಶಾಸನ ಹಾಕಿಸಿದ, ಅವನ ರಾಣಿ ಲೋಕಮಹಾದೇವಿ ಆ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿಸಿದಳು. ಇಷ್ಟು ಚರಿತ್ರೆ. ಇದರಿಂದ ವಿರೂಪಾಕ್ಷ ಕಂಚಿಯ ಪ್ರತಿ ಎಂಬ ಮಾತು ಹುಟ್ಟಿ ಬೇರೂರಿತು. ಸರ್ವಸಿದ್ಧಿ ಆಚಾರಿಯನ್ನು ತೆಂಕಣದಿಶೆಯ ಸೂತ್ರಧಾರಿ ಎಂದು ಅಲ್ಲಿಯ ಶಾಸನ ಕರೆದಿರುವುದೂ ಇದಕ್ಕೆ ಇಂಬು ಕೊಟ್ಟಿತು.

ಈಗ ಲಕ್ಷಣಗಳನ್ನು ಕೇಳೋಣ. ಪಕ್ಕದ ಸಂಗಮೇಶ್ವರವನ್ನು ಕಟ್ಟಿಸಿದವನು ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ (ಆಳ್ವಿಕೆ 696–733). ಅಂದರೆ ಮಗ ಕಂಚಿಗೆ ದಂಡೆತ್ತಿ ಹೋಗುವ ಮೊದಲೇ ಕೂಟ–ಶಾಲೆಗಳ ದ್ರಾವಿಡ ವಿಮಾನ (ಗರ್ಭಗೃಹ ಮತ್ತು ಅದರ ಮೇಲಿನ ಶಿಖರ) ಇಲ್ಲಿ ನಿಂತಿತ್ತು, ಅದಕ್ಕೂ ಮೊದಲು ಬಾದಾಮಿಯಲ್ಲಿತ್ತು. ಕಂಚಿಯ ಕೈಲಾಸನಾಥದ ಗೋಡೆಯನ್ನು ತುಂಬಿರುವ, ಹಿಂಗಾಲ ಮೇಲೆ ನಿಂತ ಸಿಂಹಗಳ ಅರೆಗಂಬಗಳು ವಿರೂಪಾಕ್ಷದ ಗೋಡೆಗೆ ಬರಲಿಲ್ಲ. ಪ್ರಾಕಾರದ ಒಳಬದಿಗೆ ಪುಟ್ಟ ಗುಡಿಗಳನ್ನು ಸಾಲಿಡುವ ಪದ್ಧತಿ ಮಾತ್ರ ಕಂಚಿಯನ್ನು ನೆನಪಿಸುತ್ತದೆ. ನನ್ನ ತೀರ್ಮಾನ: ವಿಮಾನ ಮನೆಮಗ, ಆವರಣದ ಕಲ್ಪನೆ ಬಂದ ನೆಂಟ.

ವಿಮಾನದಲ್ಲೂ ಒಂದು ಅಂಗ ಬೇರೆ ಕಡೆಯದು. ಶಿಖರದ ಮುಂಭಾಗದಲ್ಲಿ ಅಂತರಾಳದ (ಗರ್ಭಗೃಹದ ಮುಂದಿನ ಕಿರುಕೋಣೆಯ) ಮೇಲೆ ಮೂಗಿನಂತೆ ಚಾಚಿದ ಶುಕನಾಸಿ ಸಂಗಮೇಶ್ವರದಲ್ಲಿ ಇಲ್ಲ, ಕಂಚಿಯ ಕೈಲಾಸನಾಥದಲ್ಲೂ ಇಲ್ಲ, ವಿರೂಪಾಕ್ಷದಲ್ಲಿ ಇದೆ. (ಅಂತರಾಳಕ್ಕೇ ಸುಕನಾಸಿ ಎನ್ನುವ ರೂಢಿಯೂ ಉಂಟು; ಇಲ್ಲಿ ಹೇಳುತ್ತಿರುವುದು ಮೇಲಿನ ಚಾಚನ್ನು.) ಎಲ್ಲಿಂದ ಬಂತು? ಅಲ್ಲೇ ನಾಲ್ಕು ಹೆಜ್ಜೆ ಆಚೆ ಜಂಬುಲಿಂಗ, ಪಾಪನಾಥದಂಥ ನಾಗರ ಶಿಖರದ ಗುಡಿಗಳಲ್ಲಿ ಅದು ಸಹಜ ಅಂಗ. ನಾಗರದಿಂದ ಹಾರಿ ದ್ರಾವಿಡಕ್ಕೆ 8ನೇ ಶತಮಾನದಲ್ಲಿ ಅಂಟಿಕೊಂಡ ಈ ಮೂಗು ಮುಂದೆ ಲಕ್ಕುಂಡಿ, ಇಟಗಿ, ಸೋಮನಾಥಪುರಗಳವರೆಗೂ ವಂಶಪಾರಂಪರ್ಯವಾಗಿ ಇಳಿಯಿತು. ಪಾಪನಾಥದಲ್ಲಿ ಕೊಡುಕೊಳೆ ಇನ್ನೊಂದು ದಿಕ್ಕಿಗೆ ಹರಿದಿದೆ: ಶಿಖರ ನಾಗರ, ಗೋಡೆಯ ಮೇಲಂಚಿನಲ್ಲಿ ದ್ರಾವಿಡದ ಹಾರ.

ನಕ್ಷತ್ರಾಕಾರಕ್ಕೂ ಇಂಥ ಪ್ರಶ್ನೆ ಕೇಳಲೇಬೇಕು. ಮಧ್ಯಪ್ರದೇಶದ ಉದಯಪುರದಲ್ಲಿ ಪರಮಾರ ಉದಯಾದಿತ್ಯ ಕಟ್ಟಿಸಿದ, 1080ರ ಉದಯೇಶ್ವರ ಭೂಮಿಜ ಗುಡಿ. ಅಲ್ಲೂ ಚೌಕ ತಿರುಗಿಸಿದ ನಕ್ಷತ್ರವೇ, ಆದರೆ ನಾಲ್ಕು ದಿಕ್ಕಿಗೆ ಮೇಲೇರುವ ಅಗಲ ಪಟ್ಟಿಗಳು ಮೊನೆಗಳ ಸಾಲನ್ನು ಕತ್ತರಿಸುತ್ತವೆ. ಡಂಬಳದಲ್ಲಿ ಕತ್ತರಿಸುವುದು ಏನೂ ಇಲ್ಲ. ಆರನೇ ಹಂತದಲ್ಲಿ ಬೇರೆಯಿಟ್ಟ ಭೂಮಿಜ ಪುಟಾಣಿಗಳನ್ನು ಈಗ ತೆಗೆಯಿರಿ: ಕನ್ನಡ ನಾಡಿನ ಶಿಲ್ಪಿಗಳಿಗೆ ಆ ರೂಪದ ಪರಿಚಯ ಚೆನ್ನಾಗಿಯೇ ಇತ್ತು ಎಂಬುದಕ್ಕೆ ಅವೇ ಸಾಕ್ಷಿ. ತಿರುಗಿಸುವ ನಿಯಮವನ್ನು ಆ ಕಡೆಯಿಂದ ಪಡೆದು, ತಿರುಗಿಸುವ ವಸ್ತುವನ್ನು ತಮ್ಮದನ್ನೇ ಇಟ್ಟುಕೊಂಡರು ಎನ್ನುವ ವಾದಕ್ಕೆ ಬಲವಿದೆ. ತುಂಡು ಗೆರೆಯಲ್ಲಿ ಬರೆಯಿರಿ, ಅಳಿಸಬೇಕಾಗಿ ಬರಬಹುದು.

ಸಣ್ಣ ಅಡ್ಡದಾರಿ: ಮನೆಗಳಿಗೆ

ಗುಡಿಗಳನ್ನು ಬಿಟ್ಟು ಮನೆ ಓದಬೇಕೆಂದಿದ್ದರೆ ಕೂಟ–ಶಾಲೆ ನೆರವಾಗದು. ಬಿಲ್ ಹಿಲಿಯರ್ ಮತ್ತು ಜೂಲಿಯನ್ ಹ್ಯಾನ್ಸನ್ 1984ರಲ್ಲಿ ವಿವರಿಸಿದ ದಾರಿ ಹಿಡಿಯಿರಿ. ಪ್ರತಿ ಕೋಣೆಗೆ ಒಂದು ಚುಕ್ಕೆ, ಪ್ರತಿ ಬಾಗಿಲಿಗೆ ಒಂದು ಗೆರೆ. ಬೀದಿಯಿಂದ ಯಾವ ಕೋಣೆ ಎಷ್ಟು ಬಾಗಿಲು ಒಳಗಿದೆ ಎಂದು ಎಣಿಸಿ. ಗಾತ್ರ, ಆಕಾರ, ಅಲಂಕಾರ ಎಲ್ಲ ಉದುರಿಹೋಗಿ ಕ್ರಮ ಮಾತ್ರ ಉಳಿಯುತ್ತದೆ. ಅನೇಕ ಮನೆಗಳಲ್ಲಿ ಅದೇ ಕ್ರಮ ಮರುಕಳಿಸಿದರೆ ಅದನ್ನು ಅವರು ಜೀನೋಟೈಪ್ ಎಂದರು. ತೊಟ್ಟಿಮನೆಗಳ ನಕ್ಷೆಗಳು ಕೈಗೆ ಸಿಕ್ಕಿದರೆ ಜಗುಲಿ, ತೊಟ್ಟಿ, ದೇವರ ಕೋಣೆ, ಅಡುಗೆಮನೆಗಳ ಆಳ ಎಣಿಸಿ ನೋಡಿ.

ಹಂತ 8: ಬರೆಯಿರಿ, ಮುರಿದು ನೋಡಿ

ಎಲ್ಲ ಗುಡಿಗಳನ್ನೂ ಒಂದು ಹಾಳೆಯಲ್ಲಿಟ್ಟು ಹಂಚಿಕೊಂಡ ಹೊಸ ಲಕ್ಷಣಗಳ ಪ್ರಕಾರ ಜೋಡಿಸಿ. ಹಲವು ಜೋಡಣೆ ಸಾಧ್ಯವಾದರೆ ಅತಿ ಕಡಿಮೆ ಬದಲಾವಣೆ ಬೇಡುವುದನ್ನು ಆರಿಸಿ. ಹೀಗೆ ಜೋಡಿಸುವಾಗ ಶಾಸನದ ಕಾಲವನ್ನು ನೋಡದೆ ಕೆಲಸ ಮಾಡುವುದು ಒಳ್ಳೆಯದು. ಲಕ್ಷಣಗಳಷ್ಟರಿಂದಲೇ ಸಾಲು ಕಟ್ಟಿ, ಆಮೇಲೆ ತಾರೀಖುಗಳನ್ನು ಪಕ್ಕಕ್ಕಿಡಿ. ಮಗ ಅಪ್ಪನಿಗಿಂತ ಹಿರಿಯನಾದರೆ ಎಲ್ಲೋ ಹೋಲಿಕೆಯನ್ನು ತಪ್ಪಾಗಿ ಸೋಸಿದ್ದೀರಿ. ಕೆಲವೊಮ್ಮೆ ಅದು ತಪ್ಪಲ್ಲ, ಹಳೆಯ ರೂಪವೇ ಸಾಕೆಂದು ಉಳಿದ ಕೊಂಬೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಬೇಲೂರಿಗಿಂತ ಕೆಲವೇ ವರ್ಷ ಹಿಂದಿನದು. ಅದರ ನಾಲ್ಕು ಗರ್ಭಗೃಹಗಳಲ್ಲಿ ಒಂದಕ್ಕೆ ಹೊಸ ಬಗೆಯ ಶಿಖರ, ಉಳಿದ ಮೂರಕ್ಕೆ ಅಲಂಕಾರವಿಲ್ಲದ, ಮೆಟ್ಟಿಲು ಮೆಟ್ಟಿಲಾದ ಪಿರಮಿಡ್ಡು. ಒಂದೇ ಸೂರಿನಡಿ ಎರಡು ವಂಶ. ಅಂಥ ಕಡೆ ಗುಡಿಯನ್ನಲ್ಲ, ಒಂದೊಂದು ಶಿಖರವನ್ನೂ ಬೇರೆ ಬೇರೆಯಾಗಿ ಹಾಳೆಗೆ ತನ್ನಿ.

ಹಾಳೆಯ ಕೊನೆಗೆ ಹಂಪಿ ಬರುತ್ತದೆ, ಮತ್ತು ಅಲ್ಲಿ ಬಹಳ ಜನ ಎಡವುತ್ತಾರೆ. ಹೊಯ್ಸಳರ ನಂತರ ವಿಜಯನಗರ, ಆದ್ದರಿಂದ ಹಳೇಬೀಡಿನ ಮಗ ಹಜಾರ ರಾಮ ಎಂದು ಗೆರೆ ಎಳೆದುಬಿಡುತ್ತಾರೆ. ಅರಸರ ಪಟ್ಟಿಯನ್ನೇ ಗುಡಿಗಳ ವಂಶವೆಂದು ಬಗೆದರೆ ಆಗುವುದು ಇದು. ಹಜಾರ ರಾಮದ ಕೂಟ–ಶಾಲೆಗಳ ಹಾರ, ಎಣಿಸಬಹುದಾದ ತಲಗಳು, ಇಟ್ಟಿಗೆಯ ಮೇಲ್ಭಾಗ, ಎಲ್ಲವೂ ತಮಿಳುನಾಡಿನ ಕೊಂಬೆಯವು. ಹೊಯ್ಸಳರ ಕುಗ್ಗಿದ ತಲಗಳಾಗಲಿ ಒಡೆದ ಶಾಲೆಯಾಗಲಿ ಅಲ್ಲಿಲ್ಲ. 14ನೇ ಶತಮಾನದಲ್ಲಿ ಕರ್ನಾಟಕದ ಕೊಂಬೆ ಹೆಚ್ಚುಕಡಿಮೆ ಒಣಗಿತು. ಶೃಂಗೇರಿಯ ವಿದ್ಯಾಶಂಕರದ ಮಡಿಕೆ ಮಡಿಕೆಯಾದ ಗೋಡೆಯಲ್ಲಿ, ಮೇಲೆ ದ್ರಾವಿಡ ಶಿಖರ ಹೊತ್ತುಕೊಂಡು, ಅದರ ಕೊನೆಯ ಚಿಗುರುಗಳಲ್ಲೊಂದು ಕಾಣುತ್ತದೆ. ಮಿಶ್ರತಳಿ ಎಂಬ ಮಾತನ್ನು ನಾನು ಇದಕ್ಕಾಗಿ ಎತ್ತಿಟ್ಟಿದ್ದೆ. ಹಂಪಿಯ ಗೆರೆಯನ್ನು ಹಾಳೆಯ ಆ ಬದಿಯಿಂದ, ತಂಜಾವೂರಿನ ಕಡೆಯಿಂದ ಎಳೆಯಿರಿ.